ಕಣ್ಣಿಗೆ ಕಾಣದ ಹಬೆ

"ನಿನ್ ಮಗ ಬಿ.ಎಸ್ಸಿ. ಓದೋದಾ? ಆಗಾಕಿಲ್ಲ ಕಣಕ್ಕ. ಒಲೆ ಊದೋ ಬಾಯಿಗೆ ಇಂಗ್ಲೀಷು ಅತ್ತದಾ?"

ಅರಕಲಗೂಡಿನ ನನ್ನ ಸೋದರಮಾವ ಅವ್ವನಿಗೆ ಹೇಳಿದ ಮಾತಿದು. ಹಾಸನದಲ್ಲಿ ಹೈಸ್ಕೂಲು ಮುಗಿಸಿ ಮೈಸೂರಿನ ಕಾಲೇಜಿಗೆ ಹೊರಟಿದ್ದೆ.

"ಆಗ್ದಿದ್ರೆ ವಾಪಸ್ ಬತ್ತಾನೆ. ಒಲೆ ಎಲ್ಲಿಗೂ ಓಗಾಕಿಲ್ಲ" ಎಂದಳು ಅವ್ವ.

ನಾವು ಹೊಳೆನರಸೀಪುರದ ಮಡಿವಾಳರು. ಹೇಮಾವತಿ ದಂಡೆಯಲ್ಲಿ ಬಟ್ಟೆ ಬೇಯಿಸುವ ನಮ್ಮ ಉಬ್ಬೆ. ಚನ್ನರಾಯಪಟ್ಟಣದ ಕಡೆಯಿಂದ ಕತ್ತೆ ಮೇಲೆ ಬಂದ, ಕೊಳೆ ಬಿಡಿಸುವ ಚೌಳುಮಣ್ಣಿನ ನೀರಲ್ಲಿ ಬಟ್ಟೆ ಅದ್ದಿ, ಕುದಿಯುವ ಹಂಡೆಯ ಮೇಲೆ ಗೋಪುರದಂತೆ ಪೇರಿಸಿ ಹಬೆಯಲ್ಲಿ ಬೇಯಿಸುವುದು. ತುದಿಯಲ್ಲಿ ಬೆಳ್ಳನೆ ಹಬೆ ಎದ್ದಾಗ ಅವ್ವ ಅಂಗೈ ಹಿಡಿದು ನೋಡುವಳು. "ಬೆಂದೈತೆ, ಇಳಿಸ್ಲಾ" ಎಂದರೆ ಇಳಿಸಬೇಕು. ನನ್ನ ಕೈಗೂ ಅದೇ ಅಭ್ಯಾಸ.

ಕಡೇ ವರ್ಷ, ಲ್ಯಾಬೊರೇಟರಿಯಲ್ಲಿ ನೀರು ಕುದಿಯಲಿಟ್ಟು ಮೇಷ್ಟ್ರು ಹೇಳಿದರು: "ಭೂಮಿ ಕೆಂಡದಂತಿದ್ದಾಗ ಸಮುದ್ರವೆಲ್ಲ ಮೇಲೆ ಆವಿಯಾಗಿತ್ತು. ತಣಿದು ಮಳೆಯಾಯಿತು. ಎಲ್ಲೋ ಉಪ್ಪು, ಮಣ್ಣು ಕದಡಿದ ಬೆಚ್ಚನೆ ನೀರಲ್ಲಿ ಮೊದಲ ಜೀವ ಮಿಸುಕಿರಬೇಕು ಅಂತ ಕೆಲವರ ಊಹೆ."

ಉಳಿದವರು ಬರೆದುಕೊಂಡರು. ನನಗೆ ಆ ಕೆಸರಿನ ವಾಸನೆಯೇ ಬಂತು. ಉಬ್ಬೆಯ ಬೆಚ್ಚನೆ ನೀರು ಸೋರಿ ಹೊಳೆಗಿಳಿಯುವ ಜಾಗದಲ್ಲಿ ಸದಾ ಹಸಿರು ಪಾಚಿ. ಚಳಿಗಾಲದಲ್ಲಿ ಮಕ್ಕಳೆಲ್ಲ ಅಲ್ಲೇ ಕಾಲು ಹೂತು ಕೂರುತ್ತಿದ್ದೆವು. ಅಲ್ಲಿಗೆ ಈಗಲೇ ಓಡಿಹೋಗಬೇಕೆನಿಸಿತು.

ಆ ಗುಂಗಿನಲ್ಲಿ, ಕುದಿಯುವ ಪಾತ್ರೆಯ ಬಿರಡೆಗೆ ಸಿಕ್ಕಿಸಿದ್ದ ಗಾಜಿನ ಕೊಳವೆಯತ್ತ ನೋಡಿದೆ. ಬಿಳಿ ಹಬೆ ಅದರ ಬಾಯಿಂದ ತುಸು ದೂರದಲ್ಲಿತ್ತು, ಬಾಯಲ್ಲಿ ಏನೂ ಇರಲಿಲ್ಲ. ಆ ಖಾಲಿ ಜಾಗಕ್ಕೆ ಬಲಗೈ ಹಿಡಿದುಬಿಟ್ಟೆ. ನಿಜವಾದ ಆವಿ ಕಣ್ಣಿಗೆ ಕಾಣುವುದಿಲ್ಲ, ನಾವು ಹಬೆ ಎನ್ನುವ ಬಿಳುಪು ಆಗಲೇ ತಣಿದು ಹನಿಯಾದ ನೀರು. ಪುಸ್ತಕದಲ್ಲಿ ಓದಿದ್ದೆ. ಕೈ ಓದಿರಲಿಲ್ಲ.

"ಏನ್ಲಾ, ಮುದ್ದೆ ಬೆಂದೈತಾ ಅಂತ ನೋಡ್ದಾ?" ಎಂದ ಪಕ್ಕದವನು. ಸುಟ್ಟು ಬೊಬ್ಬೆಯೆದ್ದ ಅಂಗೈ ಕಂಡಮೇಲೆ ಅವನೇ ತಣ್ಣೀರು ತರಲು ಓಡಿದ.

ಡಿಗ್ರಿ ಪರೀಕ್ಷೆ ಮುಂದಿನ ವಾರ. ಅದು ತಪ್ಪಿದರೆ ಹಾಸ್ಟೆಲಿನ ಧರ್ಮದ ಊಟವಿಲ್ಲ, ಇನ್ನೊಂದು ವರ್ಷ ಓದುವ ದಾರಿಯಿಲ್ಲ. ಮಾವನ ಮಾತೇ ನಿಲ್ಲುತ್ತಿತ್ತು. ಊರಿಂದ ತಂದ ಪಂಚೆ ಹರಿದು ಅಂಗೈಗೂ ಬೆರಳಿಗೂ ಸುತ್ತಿ, ಪೆನ್ನು ಮುಷ್ಟಿಯಲ್ಲಿ ಹಿಡಿದು ಬರೆದೆ. ಬೊಬ್ಬೆ ಒಡೆದು ಕಾಗದ ಒದ್ದೆಯಾಯಿತು. ತಲೆ ಬಗ್ಗಿಸಿದಾಗೆಲ್ಲ ಆ ಬಟ್ಟೆಯಿಂದ ಚೌಳಿನ ವಾಸನೆ, ಅವ್ವ ಪಕ್ಕದಲ್ಲೇ ನಿಂತ ಹಾಗೆ.

ಫಸ್ಟ್ ಕ್ಲಾಸು ಬರಲಿಲ್ಲ. ಪಾಸಾದೆ. ಇವತ್ತಿಗೂ ಎದೆಯೆತ್ತಿ ಹೇಳುತ್ತೇನೆ, ಪಾಸಾದೆ.

ಸರ್ಟಿಫಿಕೇಟು ಹಿಡಿದು ರೈಲಿಳಿದವನು ನೇರ ಹೊಳೆಗೆ ಹೋದೆ. ಅವ್ವ ಉಬ್ಬೆ ಇಳಿಸುತ್ತಿದ್ದಳು. ಅವಳ ಕೈಗೆ ಕೊಟ್ಟೆ. ಕೈ ಒರೆಸಿ ಒರೆಸಿ, ಆಮೇಲೂ ಸೆರಗಿನ ಒಣ ತುದಿಯಲ್ಲೇ ಹಿಡಿದುಕೊಂಡಳು.

"ಇದ್ಕೆ ನೀರು ತಾಕಂಗಿಲ್ಲ ಅಲ್ವಾ ಮಗ?"

"ತಾಕ್ಬಾರ್ದವ್ವ."

ಅವಳು ಹಂಡೆ, ಒದ್ದೆ ಗಂಟುಗಳು, ಹೊಳೆ ಎಲ್ಲವನ್ನೂ ಒಮ್ಮೆ ನೋಡಿದಳು.

"ಅಂಗಾದ್ರೆ ಇದು ನಮ್ತಾವ ಉಳಿಯಾಕಿಲ್ಲ. ನೀನೇ ತಕ್ಕಂಡೋಗು."