ಉಗುರಿನ ಮೇಲೊಂದು ನೀಲಿ ಗೆರೆ

ಮತಪತ್ರ ಕೈಗೆ ಬಂದ ಕೂಡಲೇ ಅಭ್ಯಾಸಬಲದಿಂದ ಎಡಗೈ ತೋರುಬೆರಳು ಚಾಚಿದೆ. ಲಿಮೆರಿಕ್‌ನ ಶಾಲೆಯೊಂದರಲ್ಲಿ, ಐರ್ಲೆಂಡ್ ಪ್ರಜೆಯಾಗಿ ನನ್ನ ಮೊದಲ ಮತದಾನವದು. ಮೇಜಿನ ಹಿಂದಿದ್ದ ಅಜ್ಜಿ ಗಾಬರಿಯಿಂದ, "ಬೆರಳಿಗೆ ಪೆಟ್ಟಾಯ್ತಾ ಮಗಳೇ?" ಎಂದರು. ನಮ್ಮಲ್ಲಿ ಶಾಯಿ ಹಚ್ಚುತ್ತಾರೆ, ಮೈಸೂರಿನಲ್ಲಿ ಅಮ್ಮ ಆ ಫೋಟೊಗೇ ಕಾಯುತ್ತಿದ್ದಾರೆ ಎಂದು ನಾಚುತ್ತಾ ಹೇಳಿದೆ.

ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತವರಲ್ಲಿ ಒಬ್ಬರ ಮಾತು ಹಿಡಿಸಿತ್ತು, ಇನ್ನೊಬ್ಬರ ಕೆಲಸ. ವಾರವಿಡೀ ಹೊಯ್ದಾಡಿದ್ದ ನಾನು ಕೊನೆಗೂ ಇಲ್ಲಿನ ಪದ್ಧತಿಯಂತೆ ಇಷ್ಟದ ಕ್ರಮದಲ್ಲಿ ಒಬ್ಬರ ಮುಂದೆ ಒಂದು, ಇನ್ನೊಬ್ಬರ ಮುಂದೆ ಎರಡು ಎಂದು ಬರೆದು ಪೆಟ್ಟಿಗೆಗೆ ಹಾಕಿದೆ. ಹೊರಡುವಾಗ ಅಜ್ಜಿ ಕರೆದು, ತಮ್ಮ ಪೆನ್ನಿನಿಂದ ನನ್ನ ಉಗುರಿನ ಮೇಲೆ ಸಣ್ಣ ಗೆರೆ ಎಳೆದರು. "ಈಗ ಗ್ರ್ಯಾಂಡ್! ಅಮ್ಮನಿಗೆ ಕಳಿಸಮ್ಮ."

ಹೊರಬಂದವಳೇ ಫೋಟೊ ತೆಗೆದು ಕಳಿಸಿದೆ. ಆಸ್ಪತ್ರೆಯಲ್ಲಿ ಮೊದಲ ರೋಗಿಯನ್ನು ನೋಡುವ ಮುನ್ನ ಕೈತೊಳೆದಾಗಲೇ ಗೆರೆ ಹೋಯಿತು. ಯಾರಿಗೆ ಒಂದು ಕೊಟ್ಟೆನೆಂದು ಗಂಡನಿಗೂ ಹೇಳಿಲ್ಲ. ಅಜ್ಜಿಯ ವಿಷಯ ಮಾತ್ರ ಇಡೀ ವಾರ್ಡಿಗೆ ಗೊತ್ತು.