ಒಂಬತ್ತನೇ ಪ್ರಶ್ನೆಯೂ ಇನ್ನೂರ ಹದಿನಾಲ್ಕು ಮೆಟ್ಟಿಲೂ

ವಾಲ್‌ಪರೈಸೊ ಬಂದರಿನ ಮೇಲಿನ ನಮ್ಮ ಗುಡ್ಡದಲ್ಲಿ ಎರ್ಸಿಲಿಯಾ ಓಯಾನೆದೆಲ್ ಎಂದರೆ ಜನ ಎರಡು ಮಾತು ಹೇಳುತ್ತಿದ್ದರು. ಅಂಗಿಗೆ ಕಾಜ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳಿಗೆ ತಲೆ ಸರಿಯಿಲ್ಲ. ಎರಡನೆಯದನ್ನು ದನಿ ತಗ್ಗಿಸಿ ಹೇಳುತ್ತಿದ್ದರು, ಆದರೆ ಅವಳ ಕಿವಿಗೆ ಬೀಳುವಷ್ಟೇ ತಗ್ಗಿಸುತ್ತಿದ್ದರು. ಅಂಥವರ ನಾಲಿಗೆಗೆ ಹುಳ ಬೀಳ!

ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಗೋಡೆಯೊಳಗಿಂದ ಮಾತು ಕೇಳತೊಡಗಿತು. ಹನ್ನೊಂದು ತಿಂಗಳು ಆಸ್ಪತ್ರೆಯಲ್ಲಿದ್ದಳು. ಮಾತ್ರೆಯಿಂದ ಆ ಮಾತು ನಿಂತಿತು, ಅದರ ಉಪಕಾರವನ್ನು ಅವಳು ಎಂದೂ ಮರೆತವಳಲ್ಲ. ಆದರೆ ಮನೆಗೆ ಬರುವಷ್ಟರಲ್ಲಿ ಅದೇ ಮಾತ್ರೆಯಿಂದ ಕಾಲು ಕೊರಡಾಗಿತ್ತು. ಅವಳ ಮನೆಯಿಂದ ಪೇಟೆಗೆ ಇನ್ನೂರ ಹದಿನಾಲ್ಕು ಮೆಟ್ಟಿಲು. ಇಳಿಯಲಾರದೆ ಒಳಗೇ ಕುಳಿತಳು. ವಿಚಾರಿಸಲು ಬಂದ ಆಸ್ಪತ್ರೆಯವರು ‘ಹೊರಗೆ ಹೋಗ್ತೀಯಾ?’ ಎಂದರೆ ‘ಇಲ್ಲ’ ಎಂದಳು. ರೋಗ ಜಾಸ್ತಿಯಾಯಿತೆಂದು ಅವರು ಮಾತ್ರೆ ಏರಿಸಿದರು. ಕಾಲು ಇನ್ನಷ್ಟು ಬಿಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಹೀಗೆಯೇ ಮೂರು ವರ್ಷ ಕಳೆಯಿತು. ಕೊನೆಗೆ ಒಬ್ಬ ಹಳೆಯ ನರ್ಸು ಅವಳನ್ನು ಎಬ್ಬಿಸಿ ನಡೆಸಿ ನೋಡಿ, ಡಾಕ್ಟರರ ಹತ್ತಿರ ಜಗಳವಾಡಿ ಮಾತ್ರೆ ಕಡಿಮೆ ಮಾಡಿಸಿದಳು. ಕಾಲು ಮೆಲ್ಲಗೆ ಸಡಿಲವಾಯಿತು.

ಅದಾಗಿ ಹತ್ತು ವರ್ಷಕ್ಕೆ ವಿಶ್ವವಿದ್ಯಾಲಯದ ಡಾಕ್ಟರ್ ಲೆಯಾಂದ್ರೊ ಎಂಬವರು ಗುಡ್ಡದಲ್ಲಿ ಇಂಥದೇ ಕಾಯಿಲೆಯ ನಲವತ್ತೆಂಟು ರೋಗಿಗಳ ಮೇಲೆ ಸಂಶೋಧನೆ ಶುರುಮಾಡಿದರು. ಕಾಯಿಲೆ ಅನುಭವಿಸಿದವರೊಬ್ಬರು ತಂಡದಲ್ಲಿ ಇರಲೇಬೇಕೆಂದು ದುಡ್ಡು ಕೊಟ್ಟವರ ಷರತ್ತು. ಹಾಗಾಗಿ ಎರ್ಸಿಲಿಯಾಗೊಂದು ಕುರ್ಚಿ ಸಿಕ್ಕಿತು. ಕುರ್ಚಿ ಸಿಕ್ಕಿತೇ ಹೊರತು ಮಾತಿಗೆ ಬೆಲೆ ಸಿಗಲಿಲ್ಲ. ಪ್ರಶ್ನೆಯ ಹಾಳೆ ಹಿಡಿದು ಮನೆಮನೆ ಹತ್ತುವುದು ಅವಳ ಕೆಲಸ, ಏಕೆಂದರೆ ತಂಡದ ಓದಿದ ಹುಡುಗಿಯರಿಗೆ ನಮ್ಮ ಗುಡ್ಡದ ನಾಯಿಗಳೆಂದರೆ ಭಯ.

ಆ ಹಾಳೆಯ ಒಂಬತ್ತನೇ ಪ್ರಶ್ನೆ ಓದಿದೊಡನೆ ಅವಳಿಗೆ ಆಸ್ಪತ್ರೆಯವರ ಆ ಹಳೆಯ ಪ್ರಶ್ನೆ ನೆನಪಾಯಿತು. ‘ಕಳೆದ ವಾರ ಎಷ್ಟು ಸಲ ಮನೆಯಿಂದ ಹೊರಗೆ ಹೋದಿರಿ?’ ಉತ್ತರ ಸೊನ್ನೆಯಾದರೆ ರೋಗ ಏರಿದೆಯೆಂದು ಲೆಕ್ಕ. ಅವಳ ಪಕ್ಕದ ಮನೆಯ ದೋನ್ ನೊಲಾಸ್ಕೊ, ಹಿಂದೆ ಬಂದರಿನಲ್ಲಿ ಬಲೆ ನೇಯುತ್ತಿದ್ದವನು, ಎರಡು ವರ್ಷದಿಂದ ಹೊಸಿಲು ದಾಟಿರಲಿಲ್ಲ. ತಂಗಿ ಹೋಗಿ ಅವನ ಮಾತ್ರೆ ತರುತ್ತಿದ್ದಳು. ಅವನ ಸೊನ್ನೆ ನೋಡಿ, ಬರುವ ಸೋಮವಾರದಿಂದ ಮಾತ್ರೆ ಒಂದೂವರೆ ಪಟ್ಟು ಮಾಡಬೇಕೆಂದು ತೀರ್ಮಾನವಾಯಿತು.

“ಬೇಡ ಡಾಕ್ಟ್ರೇ, ಅವನ ಕಾಲು ಹಿಡ್ಕೊಂಡಿದೆ, ತಲೆ ಅಲ್ಲ. ನಂಗೂ ಹಿಂಗೇ ಆಗಿತ್ತು,” ಎಂದಳು ಎರ್ಸಿಲಿಯಾ, ತಂಡದ ಸಭೆಯಲ್ಲಿ.

“ದೊನ್ಯಾ ಎರ್ಸಿಲಿಯಾ, ಅದು ನಿಮ್ಮ ಅನುಭವ. ನಮಗೆ ಬೇಕಾಗಿರೋದು ಪುರಾವೆ,” ಎಂದು ಡಾಕ್ಟರು, ಮರ್ಯಾದೆಯ ‘ದೊನ್ಯಾ’ ಸೇರಿಸಿ, ನಯವಾಗಿಯೇ ಹೇಳಿದರು.

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ನಗುತ್ತಲೇ, “ಹಂಗಾದ್ರೆ ಗುರುವಾರ ಎಲ್ಲರೂ ನಮ್ಮನೇಗೆ ಸಂಜೆ ಚಹಾಕ್ಕೆ ಬನ್ನಿ. ಬಿಸಿ ಬ್ರೆಡ್ಡು, ಬೆಣ್ಣೆಹಣ್ಣು ಇರತ್ತೆ,” ಎಂದಳು. ನಮ್ಮಲ್ಲಿ ಸಂಜೆಯ ಚಹಾಕ್ಕೆ ಕರೆದರೆ ಒಲ್ಲೆ ಎನ್ನುವವರುಂಟೇ?

ಬಂದರು. ಜನರನ್ನು ಗುಡ್ಡಕ್ಕೇರಿಸುವ ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಎಲ್ಲರೂ ಮೆಟ್ಟಿಲನ್ನೇ ಹತ್ತಬೇಕು. ಎಂಬತ್ತಕ್ಕೆ ಡಾಕ್ಟರು ಕೋಟು ಬಿಚ್ಚಿದರು. ನೂರಕ್ಕೆ ಮಾತು ನಿಲ್ಲಿಸಿದರು. ನೂರ ಮೂವತ್ತಕ್ಕೆ ಮೆಟ್ಟಿಲ ಮೇಲೇ ಕುಕ್ಕರಿಸಿ, ಬಾಯಿ ಬಿಟ್ಟು ಏದುಸಿರು ಬಿಡತೊಡಗಿದರು. ಕಿಟಕಿಗಳಲ್ಲಿ ನಮ್ಮ ಜನರ ತಲೆಗಳು ಮೂಡಿದವು. ಇಂಥ ತಮಾಷೆ ಯಾರು ಬಿಡುತ್ತಾರೆ?

ಎರ್ಸಿಲಿಯಾ ಸೊಂಟಕ್ಕೆ ಕೈಯಿಟ್ಟು ನಿಂತಳು. “ಏನ್ ಡಾಕ್ಟ್ರೇ, ಮುಂದಕ್ಕೆ ಹೋಗೋಕೆ ಮನಸ್ಸಿಲ್ವಾ? ಮಾತ್ರೆ ಏರಿಸೋಣ್ವಾ?”

ಡಾಕ್ಟರು ಅವಳ ಮುಖ ನೋಡಿದರು, ಮೇಲಿನ ಮೆಟ್ಟಿಲು ನೋಡಿದರು, ತಮ್ಮ ನಡುಗುವ ಮಂಡಿ ನೋಡಿದರು. ಆಮೇಲೆ ಕೆಮ್ಮು ಬರುವತನಕ ನಕ್ಕರು. ನಕ್ಕು ಮುಗಿದಾಗ ಮುಖ ಸಪ್ಪಗಾಗಿತ್ತು. “ಆ ದೋನ್ ನೊಲಾಸ್ಕೊ ಮನೆ ಎಲ್ಲಿ? ಮೊದಲು ಅಲ್ಲಿಗೆ ನಡೀರಿ. ಚಹಾ ಆಮೇಲೆ,” ಎಂದರು.

ನೊಲಾಸ್ಕೊನನ್ನು ಎಬ್ಬಿಸಿ ನಿಲ್ಲಿಸಿದರು. ಬಾಗಿಲತನಕ ನಡೆ ಎಂದರು. ಅವನು ಪಾದ ಎತ್ತದೆ, ನೆಲ ಉಜ್ಜುತ್ತ, ಎರಡು ಮಾರು ದೂರಕ್ಕೆ ಹದಿನೈದು ಹೆಜ್ಜೆ ಇಟ್ಟ. ತೋಳು ಮಡಿಸಿ ನೋಡಿದರೆ ತುಕ್ಕು ಹಿಡಿದ ಕೀಲಿನಂತೆ ತಡೆದು ತಡೆದು ಬಂತು.

“ಹೊರಗೆ ಹೋಗ್ಬೇಕು ಅನ್ಸಲ್ವಾ ನಿಮಗೆ?” ಎಂದರು ಡಾಕ್ಟರು.

“ದಿನಾ ಅನ್ಸತ್ತೆ ಸ್ವಾಮಿ. ಅದನ್ನ ಯಾರೂ ಕೇಳ್ಲೇ ಇಲ್ವಲ್ಲ!”

ಡಾಕ್ಟರು ಅಲ್ಲಿಯೇ ಕುಳಿತು ಮಾತ್ರೆಯ ಚೀಟಿ ಬದಲಿಸಿದರು. ಏರಿಸಲಿಲ್ಲ, ಹಂತಹಂತವಾಗಿ ಇಳಿಸಲು ಬರೆದರು. ಇಲ್ಲದ ಮಾತು ಮತ್ತೆ ಕೇಳತೊಡಗಿದರೆ ತಿಳಿಯಲೆಂದು ವಾರವಾರ ಬಂದು ನೋಡುವ ಏರ್ಪಾಡನ್ನೂ ಮಾಡಿದರು. ಶುಕ್ರವಾರದ ಸಭೆಯಲ್ಲಿ ಒಂಬತ್ತನೇ ಪ್ರಶ್ನೆಗೆ ಅಡ್ಡಗೀಟು ಹಾಕಿ ಲೇಖನಿಯನ್ನು ಎರ್ಸಿಲಿಯಾ ಕೈಗೆ ಕೊಟ್ಟರು. ಅವಳು ಬರೆದಳು: ‘ಹೊರಗೆ ಹೋಗಲು ಆಸೆಯಿದೆಯೇ? ಏನು ತಡೆಯುತ್ತಿದೆ?’ ಮತ್ತೆ ನಲವತ್ತೆಂಟು ಮನೆ ಹತ್ತಿ ಬಂದಳು. ಮೂವತ್ತೊಂದು ಜನ ‘ಕಾಲು’ ಎಂದಿದ್ದರು. ಇಷ್ಟು ದಿನ ಕೇಳದೆ ಉಳಿದ ಮಾತು ಅದು! ಮೂವತ್ತೊಂದು ಜನರ ಚೀಟಿಯನ್ನೂ ಡಾಕ್ಟರು ಹೊಸದಾಗಿ ನೋಡತೊಡಗಿದರು.

ನಾಲ್ಕು ತಿಂಗಳ ಮೇಲೆ ಕೊನೆಯ ಸುತ್ತಿನ ಹಾಳೆ ಹಿಡಿದು ಎರ್ಸಿಲಿಯಾ ನೊಲಾಸ್ಕೊನ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿದಳು. ಗೋಡೆಯ ಮಾತು ಅವನಿಗೆ ಮರಳಿತೇ? ತಾನೇ ಹಟ ಹಿಡಿದು ಮಾತ್ರೆ ಇಳಿಸಿದ್ದಲ್ಲವೇ?

ಎದುರು ಮನೆಯ ಮುದುಕಿ ಬಟ್ಟೆ ಒಣಹಾಕುತ್ತ ಗದರಿದಳು: “ಬಾಗಿಲು ಮುರಿಬೇಡ ಕಣೇ! ಬೆಳಿಗ್ಗೇನೇ ಬಂದರಿಗೆ ಇಳಿದ. ಬಲೆ ಕೆಲಸ ಇದೆಯಂತೆ. ನಿನ್ನೇನೂ ಹೋಗಿದ್ದ. ಬರುವಾಗ ಮೀನು ತಾ ಅಂದ್ರೆ ಮರೆತೇ ಬಂದ, ಹಾಳಾದೋನು!”

ಎರ್ಸಿಲಿಯಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಳು, ನಗು ಒಟ್ಟಿಗೇ ಬಂದವು. ಆಮೇಲೆ ಲೇಖನಿ ತೆಗೆದಳು. ಭೇಟಿಗೆ ಸಿಗದವರ ಹಾಳೆಯನ್ನು ಕಸಕ್ಕೆ ಹಾಕಬೇಕೆಂಬುದು ಸಂಶೋಧನೆಯ ನಿಯಮ. ಅವಳು ಅದನ್ನು ಕಸಕ್ಕೆ ಹಾಕಲಿಲ್ಲ. ಹಾಳೆಯ ಉದ್ದಗಲಕ್ಕೂ ದಪ್ಪಕ್ಷರದಲ್ಲಿ ‘ಮನೆಯಲ್ಲಿಲ್ಲ’ ಎಂದು ಬರೆದು, ಕೆಳಗೆ ಸಂಶೋಧಕರ ಸಹಿಯ ಜಾಗದಲ್ಲಿ ತನ್ನ ಪೂರ್ತಿ ಹೆಸರು ಹಾಕಿದಳು.