ನದಿ ಕಣಿವೆಯ ನಕ್ಷೆಗೆ ಬಿದ್ದ ಕುಂಕುಮ

ಲಂಡನ್ನಿನ ವೆಂಬ್ಲಿಯಲ್ಲಿ ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಉದಯಶಂಕರ್ ಹಳೆಯ ನಕ್ಷೆಗಳ ಬೆನ್ನಿಗೆ ಬಟ್ಟೆ ಅಂಟಿಸುವ ಕೆಲಸದವನು. ಕುಂದಾಪುರದವನು, ಅವನ ಧಣಿ ರಾಮಪ್ರಸಾದನೂ ಅದೇ ಊರಿನವನು. ಕರೆಸಿಕೊಂಡ ದಿನವೇ ಇವನ ಪಾಸ್‌ಪೋರ್ಟನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದ. ತಪ್ಪಾದಾಗಲೆಲ್ಲ ಉಕ್ಕಿನ ಸ್ಕೇಲಿನಿಂದ ಬಡಿಯುತ್ತಿದ್ದ. ಬಾವು ಬಂದಲ್ಲಿ ನಾನು ಅರಿಶಿನ ಹಚ್ಚುವಾಗ ಇವನದು ಒಂದೇ ಮಾತು: "ನವ್ಯಶ್ರೀ ಮದಿಗೆ ಹೋಯ್ಕ್ ಅಮ್ಮ. ಅಲ್ಲಿವರಿಗೆ ತಡ್ಕಂತೆ." ಮಗಳ ಮದುವೆ ಕಾರ್ತಿಕದಲ್ಲಿತ್ತು.

ಆಯುಧಪೂಜೆಯ ದಿನ ಕುಂಚ, ಕತ್ತರಿಗೆಲ್ಲ ಕುಂಕುಮವಿಟ್ಟ. ಚಕ್ರ ತಿರುಗಿಸಿ ನಕ್ಷೆಗಳನ್ನು ಎರಡು ಹಲಗೆಗಳ ನಡುವೆ ಒತ್ತುವ ಕಬ್ಬಿಣದ ಪ್ರೆಸ್ಸಿಗೆ ಹೊರಗಿಟ್ಟದ್ದು ಸಾಲದೆನಿಸಿತು. ದುಡಿಯುವುದು ಒಳಗಿನ ಹಲಗೆ ತಾನೇ? ಅದಕ್ಕೂ ಒಂದು ಬೊಟ್ಟಿಟ್ಟು ಕೈಮುಗಿದ. ಇವತ್ತು ಆಯುಧ ಮುಟ್ಟಬಾರದು ಎಂದರೆ ಧಣಿ ಕೇಳಲಿಲ್ಲ. ಸಂಜೆಗೆ ಗಿರಾಕಿ ಬರುವವನಿದ್ದ. ನಕ್ಷೆ ಲಡಾಖಿನ ಒಂದು ನದಿ ಕಣಿವೆಯದು, ನೂರೈವತ್ತು ವರ್ಷ ಹಳೆಯದು. ಮರವಿಲ್ಲದ ಬೆಟ್ಟಗಳನ್ನು ಕೂದಲೆಳೆಯಂಥ ಗೆರೆಗಳಲ್ಲಿ ಬರೆದಿದ್ದರಂತೆ. ಅಂಟಿನ ಹಸಿ ಆರುವ ಮೊದಲೇ ಅದನ್ನು ಪ್ರೆಸ್ಸಿನೊಳಗಿಟ್ಟ; ಹಲಗೆಯ ಬೊಟ್ಟು ಅವಸರದಲ್ಲಿ ಮರೆತಿತ್ತು. ಪ್ರೆಸ್ ಬಿಚ್ಚಿದರೆ ನದಿಯ ತಿರುವಿನಲ್ಲಿ ಕಾಸಿನಗಲ ಕೆಂಪು.

"ಕಣ್ಣ್ ಕಾಂತಿಲ್ಯಾ ನಿಂಗೆ?"

ಧಣಿಯ ಸ್ಕೇಲು ಬಾಯಿಗೇ ಬಿತ್ತು. ಎರಡು ಹಲ್ಲು ಉದುರಿದವು. ಕುಸಿದವನ ಪಕ್ಕೆಗೆ ರಾಮಪ್ರಸಾದ ಒದ್ದ, ಮತ್ತೆ ಒದ್ದ. ಆಮೇಲೆ ಖಾನೆಯಿಂದ ಪಾಸ್‌ಪೋರ್ಟ್ ತೆಗೆದು, ಅದರ ಮೇಲೆ ಕಾಗದ ಕೊಯ್ಯುವ ಚೂರಿ ಹಿಡಿದ. "ಮಗಳ್ ಮದಿಗ್ ಹೋತ್ಯಾ? ಹೋಗ್ ಕಾಂಬ."

ಉದಯಶಂಕರ್ ಎದ್ದ. ಚೂರಿಯ ಕೈ ತಿರುಚಿದ, ಚೂರಿ ಬಿತ್ತು. ಆ ಕೈಯನ್ನು ಹಲಗೆಗಳ ನಡುವೆ ತುರುಕಿ ಚಕ್ರ ತಿರುಗಿಸಿದ.

"ಪಾಸ್‌ಪೋರ್ಟ್ ಕೊಡಿ."

"ತಕೋ ಮಾರಾಯಾ, ತಕೋ! ಬಿಡ್!"

ಎಸೆದದ್ದನ್ನು ಎತ್ತಿ ಜೇಬಿಗೆ ಹಾಕಿಕೊಂಡು ಬಾಗಿಲವರೆಗೆ ಹೋದ. ಅಲ್ಲಿಂದ ಮರಳಿ ಬಂದು ಚಕ್ರವನ್ನು ಇನ್ನೊಂದು ಸುತ್ತು ತಿರುಗಿಸಿದ. ಬೆರಳುಗಳು ಒಡೆದವು. ಕೂಗು ಕೆಳಗಿನ ಅಂಗಡಿಗೂ ಕೇಳಿಸಿತಂತೆ.

ಪೊಲೀಸರಿಗೆ ತಾನೇ ಎಲ್ಲ ಹೇಳಿದ. ಜೀವ ಉಳಿಸಿಕೊಳ್ಳಲು ಮಾಡಿದೆ ಎನ್ನಿ ಎಂದಳು ವಕೀಲೆ. ಚಕ್ರದ ಮೊದಲ ಸುತ್ತಿನ ಬಗ್ಗೆ ಹಾಗೆಂದ; ಎರಡನೆಯದರ ಬಗ್ಗೆ ಎನ್ನಲಿಲ್ಲ. ಕಾರ್ತಿಕದಲ್ಲಿ ಅವನು ಜೈಲಿನಲ್ಲಿದ್ದ, ಪಾಸ್‌ಪೋರ್ಟ್ ಪೊಲೀಸರ ಬಳಿಯಿತ್ತು. ಮದುವೆಯನ್ನು ಅವನ ಹೆಂಡತಿ ಪ್ರಫುಲ್ಲಾ ಊರಿನಿಂದ ನನಗೆ ಫೋನಿನಲ್ಲಿ ತೋರಿಸಿದಳು.

ಜೈಲಿಗೆ ನೋಡಲು ಹೋದಾಗ ಕೇಳಿದೆ: "ಬಾಗಿಲ ತನಕ ಹೋದವನು ಯಾಕಪ್ಪ ತಿರುಗಿ ಬಂದೆ?"

"ಸಿಟ್ಟ್ ಅಮ್ಮ. ಬರೀ ಸಿಟ್ಟ್."

ಆಮೇಲೆ, "ಧಾರೆ ಯಾರ್ ಎರೆದ್ರ್?" ಎಂದ.

"ನಿನ್ನ ತಮ್ಮ" ಎಂದೆ.